ತವರಿನ ಹೆಸರು ಅಕಿಲೀಸ್

(ವಿಜಯವಾಡದಲ್ಲಿ ನಡೆದ ಮಹಿಳಾ ವೇದಿಕೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವಿಶಾಖಪಟ್ಟಣದಿಂದ ನಾವು ಆರು ಜನ ನಿನ್ನೆ ರತ್ನಾಚಲ್ ರೈಲಿನಲ್ಲಿ ಬಂದೆವು. ಅನಕಾಪಲ್ಲಿ ದಾಟುವ ಮೊದಲೇ ಜೊತೆಯವರು ನನ್ನನ್ನು ಕಾಡಿಸಲು ಶುರು ಮಾಡಿದರು. "ಹೋದ ವರ್ಷ ಅಕ್ಕಮಹಾದೇವಿ ಮೇಲೆ ಮಾತಾಡಿದರು, ಅದರ ಹಿಂದಿನ ವರ್ಷ ತ್ರಿವೇಣಿಯವರ ಕಾದಂಬರಿಗಳು. ನೀವು ನೋಡಿದರೆ ಯಾವನೋ ಇಂಗ್ಲಿಷ್ ನೌಕಾಧಿಕಾರಿ ಅಂತೀರಿ. ಹೆಂಗಸರ ಸಭೆಯಲ್ಲಿ ಇದ್ಯಾಕೆ?" ಸರಿಯಾದ ಪ್ರಶ್ನೆಯೇ. ಉತ್ತರ ಹೇಳುವುದಕ್ಕೆ ನನಗೆ ಅರ್ಧ ಗಂಟೆ ಬೇಕು, ಅಷ್ಟೇ ಸಮಯ ಕೊಟ್ಟಿದ್ದಾರೆ.

ನಾನು ಧಾರವಾಡದವಳು. 1984ರಲ್ಲಿ ಮದುವೆಯಾಗಿ ವಿಶಾಖಪಟ್ಟಣಕ್ಕೆ ಬಂದೆ. ನಮ್ಮ ಮಾವನವರು ಅಂಕೋಲಾ ಕಡೆಯವರು. 1950ರಲ್ಲಿ, ಮೀಸೆ ಇನ್ನೂ ಸರಿಯಾಗಿ ಮೂಡದ 16ನೇ ವಯಸ್ಸಿಗೆ ನೌಕಾಪಡೆ ಸೇರಿದವರು. ಹದಿನೈದು ವರ್ಷ ಹಡಗಿನ ಬಾಯ್ಲರುಗಳ ಮುಂದೆ ಬೆವರು ಸುರಿಸಿ, ಆಮೇಲೆ ಇಲ್ಲಿಯೇ ಕೆಲಸ ಹಿಡಿದು, ಮಲ್ಕಾಪುರದ ಹತ್ತಿರ ಮನೆ ಕಟ್ಟಿಕೊಂಡರು. ಆ ಮನೆಯ ನಡುಮನೆಯಲ್ಲಿ ಎರಡೇ ಫೋಟೋ ಇದ್ದವು. ಒಂದು ತಿರುಪತಿ ವೆಂಕಟರಮಣನದು. ಇನ್ನೊಂದು ಐಎನ್ಎಸ್ ಡೆಲ್ಲಿ ಎಂಬ ಯುದ್ಧನೌಕೆಯದು. ದೇವರಿಗೆ ಹೂ ಏರಿಸಿದ ಮೇಲೆ ಉಳಿದ ಒಂದು ಹೂವನ್ನು ಹಡಗಿನ ಫೋಟೋಕ್ಕೂ ಸಿಕ್ಕಿಸುತ್ತಿದ್ದರು. ಹೊಸದಾಗಿ ಬಂದ ಸೊಸೆಗೆ ಹೇಗೆ ಕಂಡಿರಬೇಕು ನೀವೇ ಯೋಚನೆ ಮಾಡಿ.

ನಾನು ಇವತ್ತು ಹೇಳಬೇಕಾದ ಮನುಷ್ಯ ಮಾವನವರ ಬಾಯಿಂದಲೇ ನನಗೆ ಪರಿಚಯವಾದವರು. ಅವರ ಹೆಸರು ವಿಲಿಯಂ ಎಡ್ವರ್ಡ್ ಪ್ಯಾರಿ. ಪ್ಯಾರಿ ಅಂದ ಕೂಡಲೇ ಮದ್ರಾಸಿನ ಪ್ಯಾರಿಸ್ ಕಾರ್ನರ್, ಮಕ್ಕಳ ಪ್ಯಾರಿ ಮಿಠಾಯಿ ನೆನಪಾಗುತ್ತದೆ. ಅದು ಬೇರೆ ಪ್ಯಾರಿ. ನಮ್ಮ ಪ್ಯಾರಿ 1893ರಲ್ಲಿ ಲಂಡನ್ನಿನಲ್ಲಿ ಹುಟ್ಟಿದರು. 1905ರಲ್ಲಿ ನೌಕಾಪಡೆಯ ಶಾಲೆಗೆ ಸೇರಿದರು. ಲೆಕ್ಕ ಹಾಕಿ, 12 ವರ್ಷ. ನಮ್ಮಲ್ಲಿ ಆ ವಯಸ್ಸಿನ ಹುಡುಗನ ಶರ್ಟಿನ ಗುಂಡಿ ಇನ್ನೂ ಅಮ್ಮನೇ ಹಾಕುತ್ತಿರುತ್ತಾಳೆ. ಬ್ರಿಟನ್ನಿನಲ್ಲಿ ಆಗ ನೌಕಾಧಿಕಾರಿ ಆಗಬೇಕಾದರೆ ಅದೇ ದಾರಿ: ಮೊದಲು ಆಸ್ಬರ್ನ್ ಶಾಲೆ, ಆಮೇಲೆ ಡಾರ್ಟ್ಮತ್ ಶಾಲೆ, ಆಮೇಲೆ ಸಮುದ್ರ. ಮೊದಲ ಮಹಾಯುದ್ಧದಲ್ಲಿ ದುಡಿದರು, ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದರು. ಅಲ್ಲಿಯವರೆಗೆ ಅವರಂಥ ಅಧಿಕಾರಿಗಳು ಬ್ರಿಟನ್ನಿನಲ್ಲಿ ನೂರಾರು ಮಂದಿ. 1939ರ ಆರಂಭದಲ್ಲಿ ಅವರಿಗೆ ಒಂದು ಹಡಗಿನ ಕ್ಯಾಪ್ಟನ್ ಹುದ್ದೆ ಸಿಕ್ಕಿತು. ಆ ಹಡಗಿನ ಹೆಸರು ಅಕಿಲೀಸ್.

ಅಕಿಲೀಸ್ 1932ರಲ್ಲಿ ನೀರಿಗಿಳಿದ, ಏಳು ಸಾವಿರ ಟನ್ನಿನ ಕ್ರೂಸರ್. ಆರು ಅಂಗುಲ ಬಾಯಿಯ ಎಂಟು ತೋಪುಗಳು. ಒಡೆತನ ಬ್ರಿಟನ್ನಿನದಾದರೂ ಆಗ ಅದು ನ್ಯೂಜಿಲೆಂಡ್ ವಿಭಾಗಕ್ಕೆ ದುಡಿಯುತ್ತಿತ್ತು; ಹಡಗಿನ ಅರ್ಧಕ್ಕಿಂತ ಹೆಚ್ಚು ಜನ ನ್ಯೂಜಿಲೆಂಡಿನ ಹುಡುಗರು. ಕುರಿ ಸಾಕುವವರ ಮನೆಯಿಂದ, ಹಾಲಿನ ಡೈರಿಯವರ ಮನೆಯಿಂದ ಬಂದ ಮಕ್ಕಳು. ಈ ಮಾತು ನೆನಪಿನಲ್ಲಿಡಿ, ಆಮೇಲೆ ಬೇಕಾಗುತ್ತದೆ.

1939ರ ಸೆಪ್ಟೆಂಬರಿನಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಜರ್ಮನಿಯ ಗ್ರಾಫ್ ಸ್ಪೀ ಎಂಬ ಯುದ್ಧನೌಕೆ ದಕ್ಷಿಣ ಅಟ್ಲಾಂಟಿಕ್, ಹಿಂದೂ ಮಹಾಸಾಗರಗಳಲ್ಲಿ ತಿರುಗುತ್ತ ಬ್ರಿಟಿಷರ ಒಂಬತ್ತು ಸರಕು ಹಡಗುಗಳನ್ನು ಮುಳುಗಿಸಿತು. ಅದರ ಕ್ಯಾಪ್ಟನ್ ಹಾನ್ಸ್ ಲಾಂಗ್ಸ್‌ಡಾರ್ಫ್. ವಿಚಿತ್ರವೆಂದರೆ ಆ ಒಂಬತ್ತು ಹಡಗುಗಳಲ್ಲಿ ಒಬ್ಬನೇ ಒಬ್ಬ ಸಾಯಲಿಲ್ಲ. ಜನರನ್ನೆಲ್ಲ ಮೊದಲು ಇಳಿಸಿಕೊಂಡು ಆಮೇಲೆ ಹಡಗು ಮುಳುಗಿಸುತ್ತಿದ್ದ. ಶತ್ರುವಾದರೂ ಮರ್ಯಾದಸ್ಥ.

ಡಿಸೆಂಬರ್ 13ರ ಬೆಳಗ್ಗೆ ಆರು ಗಂಟೆಯ ಹೊತ್ತಿಗೆ ಉರುಗ್ವೆ ದೇಶದ ಎದುರಿನ ಸಮುದ್ರದಲ್ಲಿ, ಪ್ಲೇಟ್ ನದಿಯ ಬಾಯಿಯಿಂದ ಆಚೆ, ಮೂರು ಹಡಗುಗಳು ಗ್ರಾಫ್ ಸ್ಪೀಯನ್ನು ಕಂಡವು. ಎಕ್ಸೆಟರ್, ಏಜಾಕ್ಸ್ ಮತ್ತು ನಮ್ಮ ಅಕಿಲೀಸ್. ಮೂರಕ್ಕೂ ಹಿರಿಯ ಕಮಡೋರ್ ಹಾರ್ವುಡ್. ಮೂರು ಒಂದು ಕಡೆ, ಒಂದು ಇನ್ನೊಂದು ಕಡೆ ಅಂದರೆ ಸುಲಭ ಅನ್ನಿಸುತ್ತದೆ. ಹಾಗಿರಲಿಲ್ಲ. ಗ್ರಾಫ್ ಸ್ಪೀಯ ತೋಪುಗಳ ಬಾಯಿ ಹನ್ನೊಂದು ಅಂಗುಲ. ಅದರ ಒಂದು ಗುಂಡಿನ ತೂಕ ಸುಮಾರು 300 ಕಿಲೋ. ಅಕಿಲೀಸ್ ಹಾರಿಸುವ ಗುಂಡು ಸುಮಾರು 50 ಕಿಲೋ. ಅಕ್ಕಿ ಮೂಟೆ ಲೆಕ್ಕದಲ್ಲಿ ಹೇಳಿದರೆ, ಅವರು ಆರು ಮೂಟೆ ಎಸೆದರೆ ಇವರು ಒಂದು ಮೂಟೆ ಎಸೆಯಬೇಕು. ಅದೂ ಅವರ ಗುಂಡು ಇವರದಕ್ಕಿಂತ ಎಷ್ಟೋ ದೂರ ಹೋಗುತ್ತದೆ. ಹತ್ತಿರ ಹೋಗದೆ ಹೊಡೆಯಲಾಗುವುದಿಲ್ಲ, ಹತ್ತಿರ ಹೋದರೆ ಬದುಕುವುದು ಕಷ್ಟ.

ಹತ್ತಿರ ಹೋದರು. ಎಕ್ಸೆಟರ್ ಹೆಚ್ಚು ಪೆಟ್ಟು ತಿಂದು 61 ಜನರನ್ನು ಕಳೆದುಕೊಂಡಿತು. ಅಕಿಲೀಸಿನ ಪಕ್ಕದಲ್ಲೇ ಗುಂಡು ಸಿಡಿದು ಚೂರುಗಳು ಮೇಲಿನ ಗೋಪುರವನ್ನು ಸೀಳಿದವು. ನಾಲ್ವರು ಸತ್ತರು. ಪ್ಯಾರಿಯವರ ಎರಡೂ ಕಾಲಿಗೆ ಚೂರು ತಗುಲಿತು. ಆದರೂ ನಿಂತಲ್ಲಿಂದ ಇಳಿಯದೆ ಹಡಗು ನಡೆಸಿದರು. ಒಂದೂವರೆ ಗಂಟೆಯೊಳಗೆ ಗ್ರಾಫ್ ಸ್ಪೀ ಮುಖ ತಿರುಗಿಸಿ ಮಾಂಟೆವಿಡಿಯೊ ಬಂದರಿನತ್ತ ಹೊರಟಿತು. ಏಜಾಕ್ಸ್, ಅಕಿಲೀಸ್ ಎರಡೇ, ಗಾಯಗೊಂಡ ಹುಲಿಯ ಹಿಂದೆ ನಾಯಿಗಳ ಹಾಗೆ, ದಿನವಿಡೀ ಹಿಂಬಾಲಿಸಿದವು.

ನಾಲ್ಕು ದಿನದ ಮೇಲೆ, 17ರ ಸಂಜೆ, ಲಾಂಗ್ಸ್‌ಡಾರ್ಫ್ ತನ್ನ ಹಡಗನ್ನು ಬಂದರಿನಿಂದ ಹೊರಗೆ ತಂದು, ಜನರನ್ನು ಇಳಿಸಿ, ತಾನೇ ಸ್ಫೋಟಿಸಿ ಮುಳುಗಿಸಿದ. ಹೊರಗೆ ದೊಡ್ಡ ಪಡೆ ಕಾಯುತ್ತಿದೆ ಎಂಬ ಸುದ್ದಿಯನ್ನು ಬ್ರಿಟಿಷರು ಹಬ್ಬಿಸಿದ್ದರು, ಅದನ್ನು ನಂಬಿದ್ದ. ಮತ್ತೆರಡು ದಿನ ಕಳೆದು ಹೋಟೆಲ್ ಕೋಣೆಯಲ್ಲಿ ತಾನೂ ಗುಂಡು ಹಾರಿಸಿಕೊಂಡ. ಮಾವನವರು ಈ ಕಥೆ ಹೇಳುವಾಗ ಇಲ್ಲಿಗೆ ಬಂದು ಯಾವಾಗಲೂ ನಿಲ್ಲಿಸುತ್ತಿದ್ದರು. "ಸಾವಿರ ಜನರನ್ನು ಸುಮ್ಮನೆ ಸಾಯಿಸಲಿಲ್ಲ ನೋಡು ಅವನು" ಎನ್ನುತ್ತಿದ್ದರು. ಗೆದ್ದವರ ಹಡಗಿನಲ್ಲಿ ದುಡಿದವರು ಸೋತವನ ಬಗ್ಗೆ ಹೀಗೆ ಮಾತಾಡುವುದು ನನಗೆ ಆಗ ವಿಚಿತ್ರವೆನಿಸುತ್ತಿತ್ತು.

1940ರ ಫೆಬ್ರವರಿಯಲ್ಲಿ ಅಕಿಲೀಸ್ ಆಕ್ಲೆಂಡಿಗೆ ಮರಳಿದಾಗ ಊರಿಗೆ ಊರೇ ಬೀದಿಗಿಳಿದಿತ್ತು. ನ್ಯೂಜಿಲೆಂಡಿನ ಬಾವುಟ ಹಾರಿಸಿ ಕಾದಾಡಿದ ಮೊದಲ ಯುದ್ಧನೌಕೆ ಅದು. ಪ್ಯಾರಿ ಅದೇ ವರ್ಷ ನ್ಯೂಜಿಲೆಂಡ್ ನೌಕಾಪಡೆಯ ಮುಖ್ಯಸ್ಥರಾದರು. ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ: ರಿನೌನ್ ಎಂಬ ದೊಡ್ಡ ಯುದ್ಧನೌಕೆಯ ಕ್ಯಾಪ್ಟನ್, 1944ರಲ್ಲಿ ನಾರ್ಮಂಡಿ ದಾಳಿಯಲ್ಲಿ ಒಂದು ನೌಕಾದಳದ ನಾಯಕ, ಯುದ್ಧ ಮುಗಿದ ಮೇಲೆ ಬರ್ಲಿನ್ನಿನಲ್ಲಿ ಸ್ವಲ್ಪ ಕಾಲ, 1946ರಿಂದ ಬ್ರಿಟಿಷ್ ನೌಕಾ ಗುಪ್ತಚರ ವಿಭಾಗದ ನಿರ್ದೇಶಕ. 1948ರ ಆಗಸ್ಟ್ 15ರ ಹೊತ್ತಿಗೆ ಭಾರತದ ನೌಕಾಪಡೆಯ ಮುಖ್ಯಸ್ಥರಾಗಿ ದೆಹಲಿಗೆ ಬಂದರು.

ಸ್ವಾತಂತ್ರ್ಯ ಬಂದು ಒಂದು ವರ್ಷ. ನಮ್ಮ ನೌಕಾಪಡೆಗೆ ಇನ್ನೂ ಇಂಗ್ಲಿಷಿನವನೇ ಯಜಮಾನ. ಮಾವನವರಿಗೂ ನನಗೂ ಇದ್ದ ಹಳೆಯ ಜಗಳ ಇದೇ.

ಪ್ಯಾರಿ ಬಂದದ್ದು ಎಂಥ ಮನೆಗೆ ಅನ್ನುವುದನ್ನು ನೋಡಬೇಕು. ಎರಡು ವರ್ಷದ ಹಿಂದೆ, 1946ರ ಫೆಬ್ರವರಿ 18ರಂದು, ಮುಂಬಯಿಯ ತಲ್ವಾರ್ ನೆಲೆಯಲ್ಲಿ ನಾವಿಕರು ಊಟ ಬಿಟ್ಟು ಮುಷ್ಕರ ಹೂಡಿದ್ದರು. ಕಲ್ಲು ಬೆರೆತ ಬೇಳೆ, ಬಿಳಿಯ ಅಧಿಕಾರಿಗಳ ಕೀಳು ಬೈಗುಳ. ಒಂದೆರಡು ದಿನದಲ್ಲಿ ಅದು ಕರಾಚಿಗೆ ಹೋಯಿತು, ಮದ್ರಾಸಿಗೆ ಹೋಯಿತು, ನಮ್ಮ ವಿಶಾಖಪಟ್ಟಣಕ್ಕೂ ಬಂತು. ಮುಷ್ಕರ ಮಾಡಿ ಕೆಲಸ ಕಳೆದುಕೊಂಡವರನ್ನು ಸ್ವತಂತ್ರ ಭಾರತದ ನೌಕಾಪಡೆಯೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ದೇಶ ಇಬ್ಭಾಗವಾದಾಗ ಹಡಗುಗಳ ಜೊತೆ ತರಬೇತಿ ಶಾಲೆಗಳೂ ಹೋದವು, ಮುಖ್ಯವಾದವೆಲ್ಲ ಕರಾಚಿಯಲ್ಲಿದ್ದವು. ಉಳಿದದ್ದು ಕೆಲವು ಸಣ್ಣ ಹಡಗುಗಳು, ಬೈಗುಳ ತಿಂದು ನೊಂದ ನಾವಿಕರು, ಮತ್ತು ಅನುಭವ ಕಡಿಮೆ ಇದ್ದ ಒಂದಿಷ್ಟು ಭಾರತೀಯ ಅಧಿಕಾರಿಗಳು.

ಹೀಗಿರುವಾಗ ಭಾರತ ಬ್ರಿಟನ್ನಿನಿಂದ ಒಂದು ಹಳೆಯ ಕ್ರೂಸರ್ ಕೊಂಡಿತು. 1948ರ ಜುಲೈ 5ರಂದು ಇಂಗ್ಲೆಂಡಿನಲ್ಲಿಯೇ ಅದಕ್ಕೆ ಹೊಸ ಹೆಸರಿಟ್ಟು ನಮ್ಮ ನೌಕಾಪಡೆಗೆ ಸೇರಿಸಿದರು. ಹೊಸ ಹೆಸರು ಡೆಲ್ಲಿ. ಹಳೆಯ ಹೆಸರು ಅಕಿಲೀಸ್.

ಹೌದು, ಅದೇ ಹಡಗು. ಯಾವ ಹಡಗಿನ ಮೇಲೆ ಕಾಲಿಗೆ ಗಾಯ ಮಾಡಿಕೊಂಡು ಪ್ಯಾರಿ ನಿಂತಿದ್ದರೋ ಅದೇ ಈಗ ಭಾರತದ ಅತಿದೊಡ್ಡ ಯುದ್ಧನೌಕೆ. ಆರು ವಾರ ಕಳೆಯುವಷ್ಟರಲ್ಲಿ ಪ್ಯಾರಿಯೇ ಆ ನೌಕಾಪಡೆಯ ಮುಖ್ಯಸ್ಥ. ಮಗಳನ್ನು ಕೊಟ್ಟ ಮನೆಗೆ ಅಪ್ಪನೇ ಕಾರ್ಯಸ್ಥನಾಗಿ ಬಂದ ಹಾಗೆ. ಆಕೆಗೆ ಆ ಮನೆಯಲ್ಲಿ ಬೇರೆ ಹೆಸರು. ಎಲ್ಲರೂ ಆ ಹೊಸ ಹೆಸರಿನಿಂದಲೇ ಕರೆಯುತ್ತಾರೆ. ಅವನೂ ಹಾಗೆಯೇ ಕರೆಯಬೇಕು.

ಇಲ್ಲಿರುವ ಎಷ್ಟು ಜನಕ್ಕೆ ಮದುವೆಯಲ್ಲಿ ಹೆಸರು ಬದಲಾಯಿತು, ಕೈ ಎತ್ತಿ ನೋಡೋಣ. ನೋಡಿ, ಹಿರಿಯರಲ್ಲಿ ಅರ್ಧಕ್ಕೆ ಅರ್ಧ. ನನಗೂ ಆಯಿತು. ತಟ್ಟೆಯಲ್ಲಿ ಅಕ್ಕಿ ಹರವಿ, ಉಂಗುರದಲ್ಲಿ ನನ್ನ ಯಜಮಾನರು ಒಂದು ಹೊಸ ಹೆಸರು ಬರೆದರು. ಸುತ್ತ ನಿಂತವರೆಲ್ಲ ಓದಿ ನಕ್ಕರು, ನಾನೂ ನಕ್ಕೆ. ಇಪ್ಪತ್ತೆರಡು ವರ್ಷ ಕರೆಸಿಕೊಂಡ ಹೆಸರು ಆ ಅಕ್ಕಿಯ ಜೊತೆಗೇ ಡಬ್ಬಕ್ಕೆ ಹೋಯಿತು. ದುಃಖವಾಯಿತು ಅಂತಲ್ಲ. ಯಾರೂ ಕೇಳಲಿಲ್ಲ ಅಷ್ಟೇ. ನೌಕಾಪಡೆಯವರು ಹಡಗನ್ನು ಹೆಣ್ಣೆಂದೇ ಕರೆಯುವುದು ಎಂದು ಮಾವನವರಿಂದ ತಿಳಿದಾಗ, ಹೆಸರು ಬದಲಾಯಿಸುವ ಪದ್ಧತಿಯೂ ಅದಕ್ಕೇ ಇರಬೇಕು ಅಂದುಕೊಂಡೆ. (ಹಡಗನ್ನು ಹೆಣ್ಣೆಂದು ಕರೆದರೂ, ವೈದ್ಯರನ್ನು ಬಿಟ್ಟರೆ, ಹೆಣ್ಣುಮಕ್ಕಳನ್ನು ಅಧಿಕಾರಿಗಳಾಗಿ ತೆಗೆದುಕೊಳ್ಳಲು ನಮ್ಮ ನೌಕಾಪಡೆಗೆ 1992ರ ತನಕ ಪುರಸೊತ್ತಾಗಲಿಲ್ಲ. ಇದು ಭಾಷಣದ ವಿಷಯ ಅಲ್ಲ, ಹೇಳದೆ ಇರಲಾಗಲಿಲ್ಲ.)

ಡೆಲ್ಲಿ ನಮ್ಮಲ್ಲಿಗೆ ಬಂದದ್ದು ಹೊಸ ಮೈಯಲ್ಲಿ ಅಲ್ಲ. 1943ರಲ್ಲಿ ಪೆಸಿಫಿಕ್ ಸಮುದ್ರದಲ್ಲಿ ಜಪಾನಿನ ಬಾಂಬು ಬಿದ್ದು ಒಂದು ಜೋಡಿ ತೋಪಿನ ಗೋಪುರವೇ ಹಾಳಾಗಿ, 13 ಜನ ಸತ್ತಿದ್ದರು. ಆ ಗೋಪುರವನ್ನು ತೆಗೆದೇ ಹಾಕಿದ್ದರು. ಎಂಟು ತೋಪಿನ ಬದಲು ಆರು. ಹೊಸ ಹಡಗಿನಲ್ಲಿ ಕ್ಯಾಪ್ಟನ್ ಇಂಗ್ಲಿಷಿನವರೇ, ಬ್ರೌನ್ ಎಂದು. ಅವರ ಕೆಳಗೆ ಎರಡನೆಯವರಾಗಿ ಇದ್ದವರು ರಾಮದಾಸ ಕಟಾರಿ. ಈ ಹೆಸರನ್ನೂ ನೆನಪಿನಲ್ಲಿಡಿ, ವಿಜಯವಾಡದವರಿಗೆ ಬೇಕಾಗುತ್ತದೆ.

ಪ್ಯಾರಿಯವರ ಮೂರು ವರ್ಷದಲ್ಲಿ ಏನೇನಾಯಿತು? 1949ರಲ್ಲಿ ರಜಪೂತ್, ರಣಜಿತ್, ರಾಣಾ ಎಂಬ ಮೂರು ಡೆಸ್ಟ್ರಾಯರುಗಳು ಬಂದವು. ಅವೂ ಬ್ರಿಟನ್ನಿನ ಹಳೆಯವೇ, ಅವಕ್ಕೂ ಹೊಸ ಹೆಸರೇ. 1950ರ ಜನವರಿ 26ರಂದು ರಾಯಲ್ ಇಂಡಿಯನ್ ನೇವಿ ಎಂಬುದರಲ್ಲಿ ರಾಯಲ್ ಹೋಯಿತು. ದೊರೆಯ ಹಡಗುಗಳು ಎಂಬರ್ಥದ ಎಚ್ಎಂಐಎಸ್ ಹೋಗಿ ಐಎನ್ಎಸ್ ಬಂತು. ಅದೇ ಜೂನ್ ತಿಂಗಳಲ್ಲಿ ಪ್ರಧಾನಿ ನೆಹರೂ ಡೆಲ್ಲಿ ಹಡಗಿನಲ್ಲಿ ಇಂಡೋನೇಷ್ಯಾಕ್ಕೆ ಹೋಗಿಬಂದರು. 1951ರ ಮೇ 27ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಮುಂಬಯಿಯಲ್ಲಿ ನೌಕಾಪಡೆಗೆ ರಾಷ್ಟ್ರಪತಿ ಧ್ವಜ ಕೊಟ್ಟರು. ಮೂರು ಪಡೆಗಳಲ್ಲಿ ಅದನ್ನು ಮೊದಲು ಪಡೆದದ್ದು ನೌಕಾಪಡೆಯೇ. ಬಾವುಟದಲ್ಲಿ ಮಾತ್ರ ಇಂಗ್ಲೆಂಡಿನ ಸಂತ ಜಾರ್ಜನ ಕೆಂಪು ಶಿಲುಬೆ ಹಾಗೇ ಉಳಿಯಿತು. 2001ರಲ್ಲಿ ತೆಗೆದರು, 2004ರಲ್ಲಿ ಮತ್ತೆ ಹಾಕಿದರು, ಕೊನೆಗೂ ಹೋದದ್ದು 2022ರ ಸೆಪ್ಟೆಂಬರ್ 2ರಂದು, ಕೊಚ್ಚಿಯಲ್ಲಿ ಹೊಸ ವಿಕ್ರಾಂತ್ ಬಂದ ದಿನ. ಗಂಡನ ಮನೆಯಲ್ಲಿ ಎಷ್ಟು ವರ್ಷವಾದರೂ ಪೆಟ್ಟಿಗೆಯ ತಳದಲ್ಲಿ ತವರಿನದೊಂದು ಸೀರೆ ಇದ್ದೇ ಇರುತ್ತದೆ.

ನಮ್ಮ ವಿಶಾಖಪಟ್ಟಣಕ್ಕೆ ಆಗ ಬಂದದ್ದು ಹುಡುಗರು. ಕರಾಚಿಯ ಶಾಲೆ ಹೋದ ಮೇಲೆ ಹದಿನೈದು ಹದಿನಾರರ ಹುಡುಗರನ್ನು ನಾವಿಕರನ್ನಾಗಿ ಮಾಡುವ ತರಬೇತಿ ಇಲ್ಲಿನ ಸರ್ಕಾರ್ಸ್ ನೆಲೆಯಲ್ಲಿ ನಡೆಯಿತು. ಹಳೆಯ ಉತ್ತರ ಸರ್ಕಾರಗಳ ಹೆಸರೇ ಅದಕ್ಕೆ. ಡಾಲ್ಫಿನ್ಸ್ ನೋಸ್ ಗುಡ್ಡದ ನೆರಳು, ಹಡಗುಕಟ್ಟೆಯಲ್ಲಿ ಸಿಂಧಿಯಾ ಕಂಪನಿಯವರ ಸುತ್ತಿಗೆಯ ಸದ್ದು. 1948ರ ಮಾರ್ಚ್ 14ರಂದು ನೆಹರೂ ಅಲ್ಲಿ ಜಲಉಷಾ ಎಂಬ ಹಡಗನ್ನು ನೀರಿಗಿಳಿಸಿದ್ದರು. ಅಂಕೋಲಾದ ಹುಡುಗ ತೆಲುಗು ಬಾರದೆ, ಹಿಂದಿ ಬಾರದೆ, ಇಂಗ್ಲಿಷಂತೂ ಬಾರದೆ ಬಂದಿಳಿದದ್ದು ಇಲ್ಲಿಗೆ. ಕಚೇರಿಯ ಗೋಡೆಯ ಮೇಲೆ ಬಿಳಿ ಸಮವಸ್ತ್ರದ ಸಾಹೇಬರ ಫೋಟೋ ನೋಡಿ ಯಾರು ಅಂತ ಕೇಳಿದರಂತೆ. "ನೀನು ಮುಂದೆ ಹೋಗುವ ಹಡಗಿನ ಹಳೆಯ ಕ್ಯಾಪ್ಟನ್" ಎಂದರಂತೆ. ಪ್ಯಾರಿಯವರನ್ನು ಅವರು ಕಣ್ಣಾರೆ ನೋಡಿದ್ದಿಲ್ಲ. ಆ ಫೋಟೋ ಅಷ್ಟೇ. (ಆ ಹುಡುಗರ ಶಾಲೆ ಆಮೇಲೆ ಒಡಿಶಾದ ಚಿಲಿಕಾಕ್ಕೆ ಹೋಯಿತು. ಈಗ ಅಲ್ಲಿ ಹುಡುಗಿಯರೂ ತರಬೇತಿ ಪಡೆಯುತ್ತಾರೆ.)

ಜಗಳಕ್ಕೆ ಬರುತ್ತೇನೆ. 1951ರ ಅಕ್ಟೋಬರಿನಲ್ಲಿ ಪ್ಯಾರಿ ಹೋದರು. ಅವರ ಜಾಗಕ್ಕೆ ನಮ್ಮವರು ಬರಲಿಲ್ಲ. ಪೈಝಿ ಎಂಬ ಇನ್ನೊಬ್ಬ ಇಂಗ್ಲಿಷಿನವರು ಬಂದರು, ಅವರಾದ ಮೇಲೆ ಕಾರ್ಲಿಲ್. ನಮ್ಮ ಕೊಡಗಿನ ಕಾರ್ಯಪ್ಪನವರು ಭೂಸೇನೆಯ ಮುಖ್ಯಸ್ಥರಾದದ್ದು 1949ರ ಜನವರಿ 15ರಂದು. ವಾಯುಪಡೆಗೆ 1954ರಲ್ಲಿ ಸುಬ್ರತೊ ಮುಖರ್ಜಿ ಬಂದರು. ನೌಕಾಪಡೆಗೆ ಭಾರತೀಯ ಮುಖ್ಯಸ್ಥ ಬಂದದ್ದು 1958ರ ಏಪ್ರಿಲ್ 22ರಂದು. ಹನ್ನೊಂದು ವರ್ಷ ಸರಿಯಿತು.

ನಾನು ಓದಿಕೊಂಡಿದ್ದನ್ನು ಹೇಳುತ್ತಿದ್ದೆ. ಕಾರ್ಯಪ್ಪನವರು 1919ರಿಂದಲೇ ಅಧಿಕಾರಿ, ಮೂವತ್ತು ವರ್ಷದ ಅನುಭವ. ನೌಕಾಪಡೆ ಭಾರತೀಯರಿಗೆ ಬಾಗಿಲು ತೆರೆದದ್ದೇ ತಡ. 1927ರಲ್ಲಿ ಡಫರಿನ್ ತರಬೇತಿ ಹಡಗಿಗೆ ಮೊದಲ ತಂಡದಲ್ಲಿ ಹೋದ ಕಟಾರಿಯವರಿಗೆ 1948ರಲ್ಲಿ ನಲವತ್ತೂ ತುಂಬಿರಲಿಲ್ಲ. ಕ್ರೂಸರ್ ನಡೆಸಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಸಮಯ ಬೇಕಿತ್ತಲ್ಲವೇ?

ಮಾವನವರು ಪೇಪರ್ ಮಡಿಸಿಟ್ಟು ಹೇಳುತ್ತಿದ್ದರು: "ಬಾಗಿಲು ತಡವಾಗಿ ತೆರೆದವರು ಯಾರು ತಂಗೀ? ಅವರೇ. ಆಮೇಲೆ ಅನುಭವ ಇಲ್ಲ ಅಂದವರು ಯಾರು? ಅವರೇ. ಕಾರ್ಯಪ್ಪನವರ ಕೈಗೆ ಸೈನ್ಯ ಕೊಟ್ಟಾಗ ಸೈನ್ಯ ಮುಳುಗಿತಾ?" ಹಾಗಾದರೆ ಪ್ಯಾರಿ ಸಾಹೇಬರ ಮೇಲೆ ನಿಮಗೆ ಕೋಪವಾ ಅಂದರೆ, ಇಲ್ಲ. "ಅವರು ಬಂದದ್ದು ಕಲಿಸಿ ಹೋಗಲಿಕ್ಕೆ. ಕಲಿಸಿದರು, ಹೋದರು. ಕರೆದು ಕೂರಿಸಿಕೊಂಡವರು ನಾವಲ್ಲವಾ?" ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಈಗ ಯೋಚಿಸಿದರೆ ಪ್ಯಾರಿಯವರ ಮೂರು ವರ್ಷ ಬೇಕಾಗಿತ್ತು ಅನ್ನಿಸುತ್ತದೆ, ಆಮೇಲಿನ ಏಳು ವರ್ಷದ ಬಗ್ಗೆ ಮಾವನವರ ಮಾತೇ ಸರಿ ಅನ್ನಿಸುತ್ತದೆ. ಅಡುಗೆಮನೆಯ ಬೀಗದ ಕೈ ಸೊಸೆಗೆ ಕೊಡಲು ಹತ್ತು ವರ್ಷ ಅನುಭವ ಕೇಳುವ ಅತ್ತೆಯರನ್ನು ನಾವೆಲ್ಲ ನೋಡಿದ್ದೇವೆ. ನನ್ನ ಅತ್ತೆ ಹಾಗಿರಲಿಲ್ಲ, ಅವರು ಮೊದಲ ಸಾಲಿನಲ್ಲೇ ಕೂತಿದ್ದಾರೆ.

1958ರಲ್ಲಿ ಮೊದಲ ಭಾರತೀಯ ಮುಖ್ಯಸ್ಥರಾದವರು ಅದೇ ಕಟಾರಿ, ಡೆಲ್ಲಿ ಹಡಗಿನ ಎರಡನೆಯ ಅಧಿಕಾರಿ. 1962ರಲ್ಲಿ ನಿವೃತ್ತಿಯಾದ ಮೇಲೆ ಅವರು ಏನು ಮಾಡಿದರು ಗೊತ್ತೇ? ಆಂಧ್ರಪ್ರದೇಶ ರಸ್ತೆ ಸಾರಿಗೆ ಸಂಸ್ಥೆಗೆ ಅಧ್ಯಕ್ಷರಾದರು. 1964ರಲ್ಲಿ ಬರ್ಮಾಕ್ಕೆ ರಾಯಭಾರಿಯಾಗಿ ಹೋಗುವವರೆಗೆ ಯುದ್ಧನೌಕೆಯ ಅಡ್ಮಿರಲ್ ಬಸ್ಸುಗಳ ಯಜಮಾನ. ಈಗ ಆ ಸಂಸ್ಥೆಯ ಮುಖ್ಯ ಕಚೇರಿ ನಿಮ್ಮ ಪಂಡಿತ್ ನೆಹರೂ ಬಸ್ ನಿಲ್ದಾಣದ ಆವರಣದಲ್ಲೇ ಇದೆ. ಡೆಲ್ಲಿ ಹಡಗಿನಲ್ಲಿ ಹೋದ ನೆಹರೂ, ಡೆಲ್ಲಿ ಹಡಗಿನಲ್ಲಿ ದುಡಿದ ಕಟಾರಿ, ಇಬ್ಬರೂ ಒಂದೇ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು ನೋಡಿ. ನಿನ್ನೆ ರಾತ್ರಿ ಆಟೋದಲ್ಲಿ ಅದರ ಮುಂದೆ ಬರುವಾಗ ನಾನು ಒಬ್ಬಳೇ ನಗುತ್ತಿದ್ದೆ.

ವಿಶಾಖಪಟ್ಟಣಕ್ಕೆ ಪ್ಯಾರಿಯವರ ಕಾಲದ ಇನ್ನೊಂದು ಋಣ ಇದೆ. ಆಗ ಕೊಂಡ ಮೂರು ಡೆಸ್ಟ್ರಾಯರುಗಳಲ್ಲಿ ರಜಪೂತ್ 1971ರ ಹೊತ್ತಿಗೆ ಮುದಿಯಾಗಿತ್ತು, ಕಳಚಿಹಾಕಲು ಇಟ್ಟಿದ್ದರು. ಪಾಕಿಸ್ತಾನದ ಘಾಜಿ ಜಲಾಂತರ್ಗಾಮಿ ನಮ್ಮ ವಿಕ್ರಾಂತ್ ನೌಕೆಯನ್ನು ಹುಡುಕಿಕೊಂಡು ಬಂತು. ವಿಕ್ರಾಂತ್ ದೂರದ ಅಂಡಮಾನಿನಲ್ಲಿ. ತಾನೇ ವಿಕ್ರಾಂತ್ ಎಂಬಂತೆ ರೇಡಿಯೋ ಸಂದೇಶ ಕಳಿಸಿ ಶತ್ರುವನ್ನು ನಂಬಿಸಿದ್ದು ಈ ಮುದಿ ರಜಪೂತ್. ಡಿಸೆಂಬರ್ 3ರ ನಡುರಾತ್ರಿ ಬಂದರಿನಿಂದ ಹೊರಟು ಸಿಡಿಗುಂಡುಗಳನ್ನು ಸಮುದ್ರಕ್ಕೆ ಇಳಿಸಿತು. ಘಾಜಿ 90ಕ್ಕೂ ಹೆಚ್ಚು ಜನರೊಂದಿಗೆ ಮುಳುಗಿತು. ರಜಪೂತ್ ಮುಳುಗಿಸಿತು ಎಂದು ನಮ್ಮವರು, ಒಳಗಿನ ಸ್ಫೋಟವೆಂದು ಅವರು. ಅತ್ತೆಯವರಿಗೆ ಆ ರಾತ್ರಿ ಕಿಟಕಿ ಗಾಜು ನಡುಗಿದ್ದು ನೆನಪಿದೆ, ತೊಟ್ಟಿಲಲ್ಲಿ ನನ್ನ ನಾದಿನಿ. ರಾಮಕೃಷ್ಣ ಬೀಚಿನ ವಿಜಯ ಸ್ಮಾರಕ ನೋಡಿರುತ್ತೀರಿ, ಎದುರಿಗೇ ಕುರ್ಸುರಾ ಜಲಾಂತರ್ಗಾಮಿಯ ಮ್ಯೂಸಿಯಂ. ಬಂದರೆ ನಮ್ಮ ಮನೆಗೆ ಬನ್ನಿ, ಕರೆದುಕೊಂಡು ಹೋಗುತ್ತೇನೆ.

ಕನ್ನಡದವರಾಗಿ ಮೈಸೂರು ಹಡಗಿನ ಮಾತು ಎತ್ತದಿದ್ದರೆ ತಪ್ಪಾಗುತ್ತದೆ. ಡೆಲ್ಲಿಯ ನಂತರ ಬಂದ ಎರಡನೇ ಕ್ರೂಸರ್ ಅದು. ಬ್ರಿಟನ್ನಿನಲ್ಲಿ ನೈಜೀರಿಯಾ ಆಗಿದ್ದದ್ದು 1957ರ ಆಗಸ್ಟ್ 29ರಂದು ಐಎನ್ಎಸ್ ಮೈಸೂರು ಆಯಿತು. ಲಾಂಛನ ನಮ್ಮ ಗಂಡಭೇರುಂಡ, ಧ್ಯೇಯವಾಕ್ಯ ಎಂದೆಂದಿಗೂ ಅಂಜುವುದಿಲ್ಲ ಎಂಬ ಉಪನಿಷತ್ತಿನ ಮಾತು. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯಾಗುವಾಗ ಮೈಸೂರು ಇದ್ದದ್ದು ಕಾರವಾರದ ಎದುರಿನ ಅಂಜದೀವ ದ್ವೀಪದ ಬಳಿ. ಅಲ್ಲಿ ನಮ್ಮ ಏಳು ನಾವಿಕರು ಸತ್ತರು. ಅದೇ ಹೊತ್ತಿಗೆ ಡೆಲ್ಲಿ ಇದ್ದದ್ದು ದಿಯುವಿನ ಎದುರು. ತೋಪಿನ ಸದ್ದು ಅಂಕೋಲಾದ ಮನೆಯವರೆಗೆ ಕೇಳಿತೆಂದು ಮಾವನವರ ತಾಯಿ ಹೇಳುತ್ತಿದ್ದರಂತೆ. ಮಗ ಯಾವ ಹಡಗಿನಲ್ಲಿದ್ದಾನೆ ಎಂದು ಆಕೆಗೆ ಗೊತ್ತಿರಲಿಲ್ಲ. ಎರಡೂ ಹಡಗಿಗೆ ಹರಕೆ ಹೊತ್ತಿದ್ದರಂತೆ.

ಒಂದು ತಮಾಷೆಯನ್ನೂ ಹೇಳಿಬಿಡುತ್ತೇನೆ. 1956ರಲ್ಲಿ ಇಂಗ್ಲೆಂಡಿನವರು ಪ್ಲೇಟ್ ನದಿಯ ಕಾಳಗದ ಮೇಲೆ ಸಿನಿಮಾ ತೆಗೆದರು. ಪವೆಲ್ ಮತ್ತು ಪ್ರೆಸ್‌ಬರ್ಗರ್ ಎಂಬ ದೊಡ್ಡ ನಿರ್ದೇಶಕರು. ಅಕಿಲೀಸ್ ಪಾತ್ರಕ್ಕೆ ಯಾರು? ಅಕಿಲೀಸೇ, ಅಂದರೆ ನಮ್ಮ ಡೆಲ್ಲಿ. ಪ್ಯಾರಿಯವರ ಪಾತ್ರ ಮಾಡಿದ್ದು ಒಬ್ಬ ನಟ. ಚಿತ್ರೀಕರಣ ಮೆಡಿಟರೇನಿಯನ್ ಸಮುದ್ರದಲ್ಲಿ ನಡೆಯುವಾಗ ಮಾವನವರು ಅದರ ಬಾಯ್ಲರ್ ರೂಮಿನಲ್ಲಿದ್ದರು. "ನಾನೂ ಸಿನಿಮಾದಲ್ಲಿ ಮಾಡಿದ್ದೇನೆ, ಹೊಗೆ ನನ್ನದು" ಎನ್ನುತ್ತಿದ್ದರು. ಮಕ್ಕಳು ಕಂಪ್ಯೂಟರಿನಲ್ಲಿ ಆ ಸಿನಿಮಾ ಹಾಕಿ ತೋರಿಸಿದಾಗ ಅವರು ನಟರ ಮುಖ ನೋಡಲೇ ಇಲ್ಲ. ಚಿಮಣಿಯ ಹೊಗೆಯನ್ನು ನೋಡುತ್ತ, "ಇದು ಚೆನ್ನಾಗಿ ಉರಿದಿಲ್ಲ, ಇದು ನನ್ನ ಪಾಳಿ ಅಲ್ಲ" ಅಂದರು.

ಪ್ಯಾರಿ ಅಡ್ಮಿರಲ್ ಆಗಿ ನಿವೃತ್ತರಾಗಿ 1972ರಲ್ಲಿ ತೀರಿಕೊಂಡರು. ಡೆಲ್ಲಿ 1969ರಲ್ಲಿ ಒಮ್ಮೆ ನ್ಯೂಜಿಲೆಂಡಿಗೆ ಹೋಗಿಬಂತು, ಬಾಣಂತನಕ್ಕಲ್ಲ, ನೋಡಿ ಬರಲಿಕ್ಕೆ. 1978ರ ಜೂನ್ 30ರಂದು ಕೊನೆಯ ಸಲ ಬಾವುಟ ಇಳಿಸಿ ಗುಜರಿಗೆ ಹೋಯಿತು. ಅಂದು ಮಾವನವರು ಊಟ ಮಾಡಲಿಲ್ಲವೆಂದು ಅತ್ತೆ ಹೇಳುತ್ತಾರೆ. ಈಗ ವಿಶಾಖಪಟ್ಟಣದ ಪೂರ್ವ ನೌಕಾದಳದಲ್ಲಿ ಡೆಲ್ಲಿ ಎಂಬ ಹೆಸರಿನದೇ ಇನ್ನೊಂದು ನೌಕೆ ಇದೆ, ಮುಂಬಯಿಯಲ್ಲಿ ಕಟ್ಟಿದ್ದು. ನಮ್ಮ ದೇಶದಲ್ಲೇ ಹುಟ್ಟಿ ಆ ಹೆಸರು ಪಡೆದದ್ದು.

ನನ್ನ ಮಗಳು ಮದುವೆಯಾಗಿ ಆಕ್ಲೆಂಡಿಗೆ ಹೋದಳು. ಅವಳ ಹೆಸರು ಬದಲಾಯಿಸಲಿಲ್ಲ, ಅಕ್ಕಿ ತಟ್ಟೆ ತಂದಾಗ ಇದ್ದ ಹೆಸರನ್ನೇ ಬರೆಸಿದೆವು. 2013ರಲ್ಲಿ ಒಂದು ದಿನ ವಿಡಿಯೋ ಕರೆ ಮಾಡಿದಳು. ಡೆವೊನ್‌ಪೋರ್ಟ್ ಎಂಬಲ್ಲಿ ನೌಕಾನೆಲೆಯ ಬಾಗಿಲಲ್ಲಿ ನಿಂತಿದ್ದಳು. ಹಿಂದೆ ಬೂದು ಬಣ್ಣದ ದೊಡ್ಡ ಉಕ್ಕಿನ ಪೆಟ್ಟಿಗೆಯಂಥದ್ದು, ಎರಡು ತೋಪು. ಡೆಲ್ಲಿಯನ್ನು ಒಡೆಯುವಾಗ ಅದರ ಹಿಂಭಾಗದ ತೋಪುಗೋಪುರವನ್ನು ಭಾರತ ಸರ್ಕಾರ ನ್ಯೂಜಿಲೆಂಡಿಗೆ ಉಡುಗೊರೆಯಾಗಿ ಕೊಟ್ಟಿತ್ತು. ಮಾವನವರಿಗೆ ಅದು ಗೊತ್ತೇ ಇರಲಿಲ್ಲ. ಮೂವತ್ತೈದು ವರ್ಷ, ಎಲ್ಲವೂ ಕರಗಿಹೋಯಿತೆಂದು ನಂಬಿ ಹೂ ಸಿಕ್ಕಿಸುತ್ತಿದ್ದರು.

ಅವರಿಗೆ ಆಗ 79. ಫೋನನ್ನು ಮುಖಕ್ಕೆ ಹತ್ತಿರ ಹಿಡಿದುಕೊಂಡರು. ಬಹಳ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ್ದು ಒಂದೇ: "ಬಣ್ಣ ಹಚ್ಚಿದ್ದಾರಾ?"

"ಹಚ್ಚಿದ್ದಾರೆ ಅಜ್ಜಾ, ಚೆನ್ನಾಗಿಟ್ಟಿದ್ದಾರೆ. ಆದರೆ ಇಲ್ಲಿ ಎಲ್ಲರೂ ಇದನ್ನು ಅಕಿಲೀಸ್ ಅಂತಾರೆ, ಡೆಲ್ಲಿ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ" ಎಂದಳು.

"ಅಂತಾರೆ, ಅನ್ನಲಿ. ಅದು ಅವಳ ತವರಿನ ಹೆಸರಲ್ಲವಾ?" ಎಂದರು ಮಾವನವರು.

ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿ, "ನಿನ್ನದು ಏನಿತ್ತು ತಂಗೀ?" ಎಂದು ಕೇಳಿದರು. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಹೇಳಿದೆ. ಎರಡು ಸಲ ಬಾಯಲ್ಲೇ ಅಂದುಕೊಂಡರು.

ಮರುದಿನ ಬೆಳಗ್ಗೆ ಜಗುಲಿಯಿಂದ ಯಾರೋ ಆ ಹೆಸರು ಹಿಡಿದು ಕೂಗಿ ಕಾಫಿ ಕೇಳಿದರು. ಅತ್ತೆ ಒಳಗಿನಿಂದ, "ಯಾರ್ರೀ ಅದು, ಯಾರು ಬಂದರು?" ಅಂತ ಗಾಬರಿಯಾಗಿ ಹೊರಗೆ ಬಂದರು. ನಾನು ಒಲೆಯ ಮುಂದೆ ನಿಂತಿದ್ದೆ. "ಬಂದೆ ಮಾವ" ಅಂದೆ.